ಶೆಡ್ಡಿನ ಹಳೆ ಕಾರು ಬಹುಮಾನ ಗೆಲ್ಲಬೇಕೆ? ಹನ್ನೆರಡು ಸೂತ್ರಗಳು

ಮಿರಜದಿಂದ ಪಂಢರಪುರದ ಕಡೆ ಹೊರಟ ರೈಲಿಗೆ ಮೊದಮೊದಲು ಸಿಗುವ ನಿಲ್ದಾಣಗಳಲ್ಲಿ ಆರಗ ಒಂದು. ಸಾಂಗಲಿ ಜಿಲ್ಲೆಯ ಈ ಊರು ಮಹಾರಾಷ್ಟ್ರದಲ್ಲಿದ್ದರೂ ಮನೆಯೊಳಗೆ ಕನ್ನಡ ಕೇಳುತ್ತದೆ. ಬೀಗರು ಕಾಗವಾಡ, ಅಥಣಿ, ಉಗಾರದ ಕಡೆಯವರು. ಎಲೆತೋಟ, ಕಬ್ಬು, ದ್ರಾಕ್ಷಿಯ ಈ ಸೀಮೆಯಲ್ಲಿ ಮುತ್ಯಾ ಕೊಂಡ ಜೀಪು, ಅಂಬಾಸಡರ್, ಫಿಯಾಟ್, ಜಾವಾ ಇನ್ನೂ ಶೆಡ್ಡಿನ ಮೂಲೆಯಲ್ಲಿ ತಾಡಪತ್ರಿ ಹೊದ್ದು ನಿಂತಿರುವ ಮನೆಗಳುಂಟು. ಗುಜರಿಯವನು ಅದಕ್ಕೆ ಕಿಲೋ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾನೆ. ಬೇರೆ ಬೆಲೆಯೂ ಉಂಟೆಂದು ಗೊತ್ತಾಗುವುದು ಒಂದು ಒಳ್ಳೆಯ ವಿಂಟೇಜ್ ಪ್ರದರ್ಶನ ನೋಡಿದ ಮೇಲೆ.

ಹಳೆ ಕಾರಿನ ಮೋಹ ನಮ್ಮ ಭಾಗಕ್ಕೆ ಹೊಸದೇನೂ ಅಲ್ಲ. ಮಿರಜದಿಂದ ಐವತ್ತು ಕಿಲೋಮೀಟರ್ ಆಚೆ, ಕೊಲ್ಹಾಪುರದ ದಸರಾ ಚೌಕದಲ್ಲಿ ಸೀಮೋಲ್ಲಂಘನದ ಸಂಜೆ ರಾಜಮನೆತನದ 1930ರ ದಶಕದ ಮೇಬ್ಯಾಕ್ ಕಾರು ಬರುತ್ತದೆ. ಬನ್ನಿ ಕೊಡಲು ಬಂದ ಜನ ಆ ಕಾರನ್ನೂ ಕಣ್ತುಂಬ ನೋಡಿಕೊಂಡು ಹೋಗುತ್ತಾರೆ. ಹಾಗೆಂದು ಪ್ರದರ್ಶನದ ಬಯಲು ಅರಸರ ಕಾರುಗಳಿಗೇ ಮೀಸಲಲ್ಲ. ಮುಂಬೈ, ಪುಣೆ, ಬೆಂಗಳೂರುಗಳ ಪ್ರದರ್ಶನಗಳಲ್ಲಿ ಭಾರತದಲ್ಲೇ ತಯಾರಾದ ಕಾರು, ಜೀಪು, ಬೈಕುಗಳೂ ಸಾಲಾಗಿ ನಿಲ್ಲುತ್ತವೆ. ಹಳ್ಳಿಯ ಶೆಡ್ಡಿನಿಂದ ಹೊರಟ ಗಾಡಿ ಅಲ್ಲಿ ಗೆಲ್ಲಬಲ್ಲದು. ಗೆಲ್ಲಿಸುವುದು ಹೇಗೆ, ಮತ್ತು ನಾಳೆ ನಿಮ್ಮನ್ನೇ ತೀರ್ಪಿಗೆ ಕರೆದರೆ ಅಳೆಯುವುದು ಹೇಗೆ ಎಂಬುದು ಮುಂದಿದೆ.

1. ನಿಮ್ಮ ಗಾಡಿ ಯಾವ ಸಾಲಿನದು, ತಿಳಿದುಕೊಳ್ಳಿ

ನಮ್ಮಲ್ಲಿ ಹಳೆಯದೆಲ್ಲವೂ ವಿಂಟೇಜ್. ಸ್ಪರ್ಧೆಯ ಅರ್ಜಿಯಲ್ಲಿ ಹಾಗೆ ಬರೆದರೆ ನಡೆಯದು. 1966ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಹಳೆ ವಾಹನಗಳ ಜಾಗತಿಕ ಒಕ್ಕೂಟ ಫಿವಾ. ಅದರ ವಿಂಗಡಣೆಯಲ್ಲಿ 1904ರವರೆಗಿನದು ಆ್ಯನ್ಸೆಸ್ಟರ್, 1905ರಿಂದ 1918ರದು ವೆಟರನ್, 1919ರಿಂದ 1930ರದು ವಿಂಟೇಜ್, 1931ರಿಂದ 1945ರದು ಪೋಸ್ಟ್ ವಿಂಟೇಜ್. ಎರಡನೇ ಮಹಾಯುದ್ಧದ ನಂತರದವು ಬೇರೆ ವರ್ಗಗಳಲ್ಲಿ ಬರುತ್ತವೆ. ಗಾಡಿಗೆ ಕನಿಷ್ಠ 30 ವರ್ಷ ಆಗಿರಬೇಕು, ದಿನಬಳಕೆಗೆ ಓಡಿಸುತ್ತಿರಬಾರದು ಎಂಬುದು ಅವರ ನಿಯಮ.

ಭಾರತ ಸರ್ಕಾರದ ಲೆಕ್ಕ ಬೇರೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವೈಯಕ್ತಿಕ ಬಳಕೆಯ ಕಾರು ಅಥವಾ ಬೈಕು ವಿಂಟೇಜ್. ಅಂದರೆ 1965ರ ಅಂಬಾಸಡರ್ ಆರ್‌ಟಿಓ ಕಣ್ಣಿಗೆ ವಿಂಟೇಜ್, ಫಿವಾ ಕಣ್ಣಿಗೆ ಯುದ್ಧಾನಂತರದ ಬೇರೆ ವರ್ಗದ ಕಾರು. ಅರ್ಜಿ ತುಂಬುವ ಮೊದಲು ಆಯೋಜಕರು ಯಾವ ಪಟ್ಟಿ ಹಿಡಿದಿದ್ದಾರೆ ಎಂದು ಕೇಳಿ. ತಪ್ಪು ಸಾಲಿನಲ್ಲಿ ನಿಂತ ಒಳ್ಳೆಯ ಗಾಡಿ ತನ್ನದಲ್ಲದ ಅಳತೆಗೆ ಸೋತು ಬರುತ್ತದೆ.

2. ಬಣ್ಣ ಹೊಡೆಸುವ ಮುನ್ನ ಕೈ ತಡೆಯಿರಿ

ಎಲ್ಲಕ್ಕಿಂತ ದೊಡ್ಡ ಸೂತ್ರ ಇದೇ, ಹೆಚ್ಚು ಮಂದಿ ಎಡವುವುದೂ ಇಲ್ಲೇ. ಪ್ರದರ್ಶನಕ್ಕೆ ಹೆಸರು ಕೊಟ್ಟ ಮರುದಿನವೇ ಗಾಡಿ ಡೆಂಟಿಂಗ್-ಪೇಂಟಿಂಗ್ ಅಂಗಡಿಗೆ ಹೋಗುತ್ತದೆ. ಹಳೆ ಬಣ್ಣ ಕೆರೆದು, ಲಾಂಬಿ ಮೆತ್ತಿ, ಈಗಿನ ಹೊಸ ಕಾರುಗಳಿಗೆ ಬಳಿಯುವ ಕನ್ನಡಿಯಂಥ ಬಣ್ಣ ಬಳಿಸಿ ತರುತ್ತಾರೆ. ಕಾರ್ಖಾನೆಯಿಂದ ಬಂದಾಗಲೂ ಆ ಕಾರು ಅಷ್ಟು ಹೊಳೆದಿರಲಿಲ್ಲ. ತಿಳಿದ ತೀರ್ಪುಗಾರರು ಅದನ್ನು ಅತಿ ಮಾಡಿದ್ದೆಂದು ಗುರುತಿಸಿ ಅಂಕ ಕಳೆಯುತ್ತಾರೆ.

ಕಾರ್ಖಾನೆಯ ಬಣ್ಣ, ಕಾರ್ಖಾನೆಯ ಸೀಟಿನ ಹೊದಿಕೆ, ಕಾರ್ಖಾನೆಯ ಗಾಜು ಒಮ್ಮೆ ಹೋದರೆ ಹೋಯಿತು, ಎಷ್ಟು ದುಡ್ಡು ಸುರಿದರೂ ಮರಳಿ ಬಾರದು. ಹಳೆ ವಾಹನಗಳನ್ನು ಹೇಗೆ ಕಾಪಾಡಬೇಕೆಂದು ಫಿವಾ 2012ರಲ್ಲಿ ಒಪ್ಪಿದ ಟ್ಯೂರಿನ್ ಸನ್ನದಿನ ತಿರುಳೂ ಇದೇ: ಮೊದಲು ಕಾಪಾಡು, ಅಗತ್ಯವಿದ್ದಲ್ಲಿ ಮಾತ್ರ ದುರಸ್ತಿ ಮಾಡು, ಮಾಡಿದ್ದನ್ನು ಬರೆದಿಡು. ಅಮೆರಿಕದ ಪೆಬಲ್ ಬೀಚ್ ಪ್ರದರ್ಶನ 1950ರಲ್ಲಿ ಶುರುವಾಯಿತು. ಅಲ್ಲಿ ಬಹುಕಾಲ ಹೊಸದರಂತೆ ಹೊಳೆಯುವ ಕಾರುಗಳದ್ದೇ ಮೆರೆದಾಟ. ಈಗ ಎಂದೂ ಬಿಚ್ಚದ, ಮೂಲ ಬಣ್ಣದ ಕಾರುಗಳಿಗೆಂದೇ ಪ್ರತ್ಯೇಕ ವರ್ಗವಿದೆ.

ಹಾಗಾದರೆ ಮಾಡಬೇಕಾದದ್ದೇನು? ತಾಡಪತ್ರಿ ತೆಗೆದ ದಿನವೇ ಗಾಡಿಯ ಪ್ರತಿ ಮೂಲೆಯ ಫೋಟೋ ತೆಗೆಯಿರಿ, ಧೂಳು ಹೊಡೆಯುವ ಮೊದಲೇ. ಆಮೇಲೆ ತಣ್ಣೀರು, ಮೆತ್ತನೆಯ ಹತ್ತಿ ಬಟ್ಟೆ. ಒಣಗಿದ ಮೇಲೆ ಡಿಕ್ಕಿಯ ಒಳಭಾಗದಂಥ ಮರೆಯ ಜಾಗದಲ್ಲಿ ಪಾಲಿಶ್ ಹಚ್ಚಿ ಉಜ್ಜಿ ನೋಡಿ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿತೆಂದರೆ ಗಾಬರಿ ಬೇಡ. ಮೇಲೆ ಪಾರದರ್ಶಕ ಪದರ ಇಲ್ಲದ ಹಳೆಯ ಕಾಲದ ಬಣ್ಣದ ಗುರುತು ಅದು, ನಿಮ್ಮ ಭಾಗ್ಯ ಅಂದುಕೊಳ್ಳಿ. ಒತ್ತದೆ, ಅವಸರಿಸದೆ, ಅಷ್ಟಷ್ಟೇ ಉಜ್ಜಿದರೆ ಮಂಕು ಕಳೆದು ಮೂಲ ಕಳೆ ಬರುತ್ತದೆ. ಸೀಟಿನ ರೆಕ್ಸಿನ್ ಹರಿದಿದ್ದರೆ ಹರಿದಷ್ಟೇ ಹೊಲಿಸಿ.

ಬಿಚ್ಚಿ ಕಟ್ಟಲೇಬೇಕಾದ ಗಾಡಿಗಳೂ ಇವೆ. ನೆಲದ ತಗಡು ತುಕ್ಕು ತಿಂದು ಕಾಲಿಟ್ಟರೆ ಒಳಗೆ ಹೋಗುವಂತಿದ್ದರೆ, ಯುದ್ಧಪೂರ್ವ ಕಾರಿನ ಮೈಗೆ ಆಧಾರವಾದ ಮರದ ಚೌಕಟ್ಟಿಗೆ ಗೆದ್ದಲು ಹತ್ತಿದ್ದರೆ, ಬ್ರೇಕು ಹಿಡಿಯದಿದ್ದರೆ ಕೈ ಹಚ್ಚಬೇಕು. ಆಗ ಅರ್ಧಂಬರ್ಧ ಬೇಡ. ಪೂರ್ತಿ ಬಿಚ್ಚಿಸಿ, ಪೂರ್ತಿ ಬರೆದಿಟ್ಟು, ಪುನರುಜ್ಜೀವನದ ವರ್ಗದಲ್ಲೇ ನಿಲ್ಲಿಸಿ.

3. ದನದ ಕೊಟ್ಟಿಗೆಯಿಂದ ಗಾಡಿ ಹೊರಗೆ ತನ್ನಿ

ನಮ್ಮ ಕಡೆಯ ಹಳೆ ಗಾಡಿಗಳಿಗೆ ದೊಡ್ಡ ಶತ್ರು ಮಳೆಯಲ್ಲ, ಪಕ್ಕದಲ್ಲಿ ಕಟ್ಟಿದ ದನ. ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆಯನ್ನು ಸೀಳುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲೇ ಇದು ಬೆಳಕಿಗೆ ಬಂತು. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟ ಹಿತ್ತಾಳೆಯ ತೋಟಾಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಲಾಯದ ಅಮೋನಿಯಾ, ತೇವದ ಗಾಳಿ ಮತ್ತು ಲೋಹದೊಳಗೆ ಉಳಿದ ಬಿಗಿತ ಮೂರೂ ಸೇರಿದರೆ ಹೀಗಾಗುತ್ತದೆ ಎಂದು 1921ರಲ್ಲಿ ವಿಜ್ಞಾನಿಗಳು ಬಿಡಿಸಿ ಹೇಳಿದರು. ಹಳೆ ಕಾರಿನ ರೇಡಿಯೇಟರ್, ದೀಪದ ಬಳೆ, ಕಾರ್ಬೊರೇಟರಿನ ಜೆಟ್ಟು ಎಲ್ಲವೂ ಹಿತ್ತಾಳೆಯವೇ. ಕೊಟ್ಟಿಗೆಯ ಮಗ್ಗುಲಲ್ಲಿ ನಾಲ್ಕು ಮಳೆಗಾಲ ಕಳೆದ ರೇಡಿಯೇಟರ್ ಸೋರತೊಡಗಿದರೆ ಅಚ್ಚರಿಯಿಲ್ಲ.

ಗೊಬ್ಬರದ ಚೀಲ ಇಡುವ ಕೋಣೆಯೂ ಬೇಡ. ಬೇದಾಣೆಗೆ ಗಂಧಕದ ಹೊಗೆ ಕೊಡುವ ಶೆಡ್ಡಿನ ಹತ್ತಿರವಂತೂ ನಿಲ್ಲಿಸಲೇಬೇಡಿ. ನಿಕ್ಕಲ್, ಕ್ರೋಮ್ ಎರಡೂ ಮಸುಕಾಗುತ್ತವೆ. ಗಾಳಿಯಾಡುವ, ನೆಲ ಒಣಗಿರುವ ಬೇರೆ ಜಾಗ ಹುಡುಕಿ. ಟಾಯರು ನೆಲಕ್ಕೆ ಚಪ್ಪಟೆಯಾಗದಂತೆ ಆಕ್ಸಲ್ ಕೆಳಗೆ ಕಟ್ಟಿಗೆ ಕೊಡಿ. ಪ್ಲಾಸ್ಟಿಕ್ ತಾಡಪತ್ರಿ ತೇವ ಹಿಡಿದಿಡುತ್ತದೆ. ಅದರ ಬದಲು ಹತ್ತಿಯ ಹಳೆ ಜಮಖಾನೆ ಹೊದಿಸಿ.

4. ಕಾಗದದ ಚೀಲ ಕಟ್ಟಿ

ಆರ್‌ಸಿ ಪುಸ್ತಕ, ಖರೀದಿ ರಸೀದಿ, ತೆರಿಗೆ ಚೀಟಿ, ವಿಮೆ, ಹಳೆ ಗ್ಯಾರೇಜ್ ಬಿಲ್ಲು, ಮುತ್ಯಾ ಆ ಕಾರಿನ ಮುಂದೆ ನಿಂತ ಕಪ್ಪು-ಬಿಳುಪು ಫೋಟೋ, ಮದುವೆ ದಿಬ್ಬಣದ ಫೋಟೋ: ಇವೆಲ್ಲ ಸಾಕ್ಷಿ. ಒಂದು ಫೈಲಿನಲ್ಲಿ ವರ್ಷವಾರು ಜೋಡಿಸಿ. ಮೂಲ ಮನೆಯಲ್ಲಿರಲಿ, ಬಯಲಿಗೆ ಒಳ್ಳೆಯ ಪ್ರತಿ ಒಯ್ಯಿರಿ.

ಗಡಿಯ ಜನರಿಗೆ ಇಲ್ಲೊಂದು ವಿಶೇಷ ತೊಡಕಿದೆ. ಅಥಣಿಯ ಮಾವನ ಮನೆಯಿಂದ ಬಂದ ಕಾರು ಕರ್ನಾಟಕದ ನೋಂದಣಿಯದು, ನಿಂತಿರುವುದು ಸಾಂಗಲಿ ಜಿಲ್ಲೆಯಲ್ಲಿ. ಒಂದು ರಾಜ್ಯದ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿದರೆ ಹೊಸ ನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಅದಕ್ಕೆ ಮೊದಲ ಆರ್‌ಟಿಓದಿಂದ ನಿರಾಕ್ಷೇಪಣ ಪತ್ರ ಬೇಕು. ಬೀಗರ ನಡುವಿನ ಬಾಯಿಮಾತು ಆರ್‌ಟಿಓದಲ್ಲಿ ನಡೆಯದು. ಕಾರು ಕೊಟ್ಟ ಹಿರಿಯರು ಇರುವಾಗಲೇ ಸಹಿ, ವರ್ಗಾವಣೆ ಮುಗಿಸಿಕೊಳ್ಳಿ.

50 ವರ್ಷ ದಾಟಿದ ಗಾಡಿಗೆ 2021ರ ನಿಯಮದಡಿ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಆಮೇಲೆ ಮರುನೋಂದಣಿಗೆ 5,000. ಹೊಸದಾಗಿ ಕೊಡುವ ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ ವಿಎ ಎಂದಿರುತ್ತದೆ. ಈಗಾಗಲೇ ನೋಂದಣಿಯಾದ ಗಾಡಿ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಉಳಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ಆ ನಂಬರೂ ಗಾಡಿಯ ಚರಿತ್ರೆಯೇ. ಈ ನೋಂದಣಿಯ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ತುಂಬಿಸುವುದು ಇಂಥ ಕೆಲಸಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಬಾಡಿಗೆಗೆ ಬಿಡುವಂತಿಲ್ಲ.

ಇಂಗ್ಲೆಂಡಿನ ಆಸ್ಟಿನ್, ಮಾರಿಸ್, ಎಂಜಿ ಕಾರುಗಳಿದ್ದರೆ ಅಲ್ಲಿನ ಬ್ರಿಟಿಷ್ ಮೋಟಾರ್ ಮ್ಯೂಸಿಯಂ ಕಾರ್ಖಾನೆಯ ದಾಖಲೆ ನೋಡಿ ಪ್ರಮಾಣಪತ್ರ ಕೊಡುತ್ತದೆ. ಕಾರು ಹೊರಬಂದ ದಿನ, ಮೊದಲ ಬಣ್ಣ, ಎಂಜಿನ್ ನಂಬರ್ ಅದರಲ್ಲಿ ಸಿಗಬಹುದು. ಆ ಒಂದು ಹಾಳೆ ಹತ್ತು ಮಾತಿನ ಕೆಲಸ ಮಾಡುತ್ತದೆ.

5. ನಂಬರುಗಳ ಅಚ್ಚು ತೆಗೆದಿಡಿ

ಚಾಸಿಸ್ ನಂಬರಿನ ಮೇಲಿನ ಜಿಡ್ಡನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ತೆಳು ಕಾಗದ ಇಟ್ಟು, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿ. ಅಂಕಿಗಳು ಬಿಳಿಯಾಗಿ ಮೂಡುತ್ತವೆ. ಎಂಜಿನ್ ನಂಬರಿನದೂ ಹಾಗೇ ತೆಗೆಯಿರಿ. ಎರಡನ್ನೂ ಆರ್‌ಸಿ ಜತೆ ತಾಳೆ ನೋಡಿ. ಅಂಕಿಯ ಸುತ್ತ ಫೈಲು ಉಜ್ಜಿದ ಗೀರು ಕಂಡರೆ, ಅಂಕಿಗಳ ಎತ್ತರ ಒಂದೇ ಸಮ ಇಲ್ಲದಿದ್ದರೆ, ಸ್ಪರ್ಧೆಗೆ ಹೋಗುವ ಮೊದಲೇ ಕಾರಣ ತಿಳಿದುಕೊಳ್ಳಿ. ಎಂಜಿನ್ ಬದಲಾಗಿದ್ದರೆ ಮುಚ್ಚಿಡಬೇಡಿ. ಪೆಟ್ರೋಲ್ ದುಬಾರಿಯೆಂದು ಡೀಸೆಲ್ ಎಂಜಿನ್ ಕೂಡಿಸಿದ ಜೀಪು, ಅಂಬಾಸಡರ್ ನಮ್ಮಲ್ಲಿ ಬಹಳ. ಇದ್ದದ್ದನ್ನು ಇದ್ದಂತೆ ಹೇಳಿದವರ ಉಳಿದ ಮಾತಿಗೂ ಬೆಲೆ ಬರುತ್ತದೆ.

6. ಕಾಲಕ್ಕೆ ಒಪ್ಪದ ಸಾಮಾನು ಕಳಚಿ

ಒಂದೇ ನೋಟದಲ್ಲಿ ಅಂಕ ಕಳೆಯುವುದು ಇಲ್ಲಿ. 1925ರ ಕಾರಿನ ಮುಂಭಾಗಕ್ಕೆ ನೀಲಿ ಛಾಯೆಯ ಕ್ರೋಮ್ ಹಾಕಿಸಿದರೆ ತಪ್ಪು. ಕಾರುಗಳಿಗೆ ಕ್ರೋಮ್ ಬಂದದ್ದು 1920ರ ದಶಕದ ಕೊನೆಗೆ, ಅದಕ್ಕೂ ಮೊದಲು ಬೆಚ್ಚನೆಯ ಹೊಳಪಿನ ನಿಕ್ಕಲ್. ತಲೆಯ ಮೇಲೆ ಕೂಡುಗುರುತಿರುವ ಸ್ಕ್ರೂ ಕಾರು ಕಾರ್ಖಾನೆಗಳಿಗೆ ಬಂದದ್ದು 1930ರ ದಶಕದ ನಡುವಿನಲ್ಲಿ. ಅದಕ್ಕಿಂತ ಹಳೆಯ ಗಾಡಿಯ ಬಾಗಿಲಲ್ಲಿ ಅದು ಕಂಡರೆ ಯಾರೋ ಆಮೇಲೆ ಕೈಯಾಡಿಸಿದ್ದಾರೆ ಎಂದರ್ಥ. ರೇಡಿಯಲ್ ಟಾಯರು 1940ರ ದಶಕದ ಕೊನೆಯವರೆಗೆ ಇರಲೇ ಇಲ್ಲ. ಬಟ್ಟೆ ಹೆಣೆದ ತಂತಿಯ ಜಾಗದಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ತಂತಿ, ಬಾಗಿಲ ಕಂಬದಿಂದ ತೋಳಿನಂತೆ ಹೊರಬರುವ ಸೂಚಕದ ಬದಲು ಮಿನುಗುವ ದೀಪ, ಡ್ಯಾಶ್‌ಬೋರ್ಡಿಗೆ ಕೊರೆದ ಸ್ಪೀಕರ್ ತೂತು: ಎಲ್ಲಕ್ಕೂ ಅಂಕ ಹೋಗುತ್ತದೆ.

ಯುದ್ಧಪೂರ್ವದ ಬ್ರಿಟಿಷ್ ಗಾಡಿಯ ಬೋಲ್ಟಿಗೆ ಮಿಲಿಮೀಟರ್ ಪಾನಾ ಹಾಕಬೇಡಿ. ವಿಟ್‌ವರ್ತ್ ಪಾನಾಗಳ ಒಂದು ಸೆಟ್ ಹುಡುಕಿ ಕೊಳ್ಳಿ. ತಪ್ಪು ಪಾನಾ ಜಾರಿ ಮೂಲೆ ಸವೆದ ಬೋಲ್ಟಿನ ತಲೆ ನೋಡಿದ ಕೂಡಲೇ ಅನುಭವಿ ತೀರ್ಪುಗಾರನಿಗೆ ಆ ಗ್ಯಾರೇಜಿನ ಕೈಗುಣ ತಿಳಿದುಬಿಡುತ್ತದೆ.

ಬಿಡಿಭಾಗದ ವಿಷಯದಲ್ಲಿ ಆರಗದವರು ಅದೃಷ್ಟವಂತರು. ಕೊಲ್ಹಾಪುರದ ಶಿವಾಜಿ ಉದ್ಯಮನಗರದಲ್ಲಿ ಎರಕ ಹೊಯ್ಯುವವರು, ಲೇಥ್ ಹಿಡಿದವರು ಒಬ್ಬರಿಗೊಬ್ಬರು ಕೂಗಳತೆಯಲ್ಲಿ ಸಿಗುತ್ತಾರೆ. ಒಡೆದ ಭಾಗ ಕೊಟ್ಟರೆ ಅಳತೆ ಹಿಡಿದು ಹೊಸದು ಮಾಡಿಕೊಡಬಲ್ಲ ಕೈಗಳು ಅಲ್ಲಿವೆ. ಬೆಂಗಳೂರಿನ ಜೆ.ಸಿ. ರಸ್ತೆ, ಮುಂಬೈನ ಚೋರ್ ಬಜಾರುಗಳಲ್ಲಿ ತಾಳ್ಮೆಯಿದ್ದವರಿಗೆ ಹಳೆಯದೇ ಸಿಗಬಹುದು. ಹೊಸದು ಮಾಡಿಸಿದರೆ ಹಳೆಯದನ್ನು ಎಸೆಯದೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ.

7. ಗಾಡಿಯ ಕತೆ ಮೂರು ನಿಮಿಷದಲ್ಲಿ ಹೇಳಲು ಕಲಿಯಿರಿ

ತೀರ್ಪುಗಾರರು ಒಂದು ಗಾಡಿಯ ಮುಂದೆ ನಿಲ್ಲುವುದು ಬಹಳವೆಂದರೆ ಹತ್ತು-ಹದಿನೈದು ನಿಮಿಷ. ಮಾಡಿದ ವರ್ಷ, ಮಾದರಿ, ಯಾರ ಕೈಯಿಂದ ಯಾರ ಕೈಗೆ ಬಂತು, ಏನು ಮೂಲ, ಏನು ಹೊಸದು, ಈ ಗಾಡಿಯ ಹೆಚ್ಚುಗಾರಿಕೆ ಏನು ಎಂಬುದನ್ನು ಈ ಕ್ರಮದಲ್ಲೇ ಹೇಳಿ. ಮನೆಯ ಹಿರಿಯರು ಜತೆಗಿದ್ದರೆ ಅವರೇ ಮಾತಾಡಲಿ. "ನಮ್ಮ ಅಪ್ಪಾರು ಈ ಗಾಡೀಲೇ ನನ್ನ ಮಿರಜ ದವಾಖಾನಿಗೆ ಒಯ್ದಿದ್ರು" ಎಂದು ಒಬ್ಬ ಕಾಕಾ ಹೇಳಿದರೆ ಅದಕ್ಕೆ ತೂಕವಿದೆ.

ಕಾರಿನ ಹಿಂದಿನ ದೊಡ್ಡ ಚರಿತ್ರೆಯೂ ಗೊತ್ತಿರಲಿ. ಫಿಯಾಟ್, ಪದ್ಮಿನಿ ಇರುವವರು ಕೇಳಿ: ಆ ಕಾರು ಮಾಡಿದ ಪ್ರೀಮಿಯರ್ ಕಂಪನಿಯನ್ನು 1944ರಲ್ಲಿ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆಗೆ ಅಡಿಪಾಯ ಹಾಕಿದವರೂ ಅವರೇ. ಸಾಂಗಲಿಯ ಎಂಜಿನಿಯರಿಂಗ್ ಕಾಲೇಜಿಗೆ ಇರುವುದು ಅವರದೇ ಹೆಸರು. ಹೀಗೆ ನಿಮ್ಮ ಶೆಡ್ಡಿನ ಫಿಯಾಟಿಗೂ ಸಾಂಗಲಿ, ಸೊಲ್ಲಾಪುರ, ಬೆಂಗಳೂರಿಗೂ ಒಂದು ಎಳೆ ಹಾಯುತ್ತದೆ. ಅಂಬಾಸಡರ್ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಬಂದದ್ದು, 2014ರವರೆಗೆ ತಯಾರಾಯಿತು. ಜಾವಾ ಇದ್ದರೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಮಾತೆತ್ತಿ. 1996ರಲ್ಲಿ ಬಾಗಿಲು ಹಾಕಿದ ಆ ಕಾರ್ಖಾನೆಯ ಬೈಕುಗಳಿಗಾಗಿ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ನಡೆಯುತ್ತದೆ.

"ಇದು ಮಹಾರಾಜರ ಕಾರಂತೆ" ಎಂಬ ಮಾತು ದಾಖಲೆ ಇಲ್ಲದೆ ಆಡಬೇಡಿ. ನೂರು ಕಾರುಗಳ ಬಗ್ಗೆ ಹೀಗೆ ಹೇಳುತ್ತಾರೆ, ಸಾಕ್ಷಿ ಸಿಗುವುದು ಕೆಲವಕ್ಕೆ. ಮಾಸ್ತರರು ಕೊಂಡ ಕಾರು ಮಾಸ್ತರರದೇ ಇರಲಿ.

8. ಪೆಟ್ರೋಲು ಬರಿದು ಮಾಡಿ ನಿಲ್ಲಿಸಿ

ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್. ಅದು ಗಾಳಿಯ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪನ್ನು ಉಬ್ಬಿಸಿ ಬಿರುಕು ಬಿಡಿಸುತ್ತದೆ. ಪೈಪುಗಳನ್ನು ಎಥೆನಾಲ್ ತಡೆಯುವ ಜಾತಿಯವಕ್ಕೆ ಬದಲಿಸಿ. ಸುರಕ್ಷತೆಗಾಗಿ ಮಾಡಿದ ಈ ಬದಲಾವಣೆಯನ್ನು ನ್ಯಾಯವಾದ ತೀರ್ಪುಗಾರ ಯಾರೂ ತಪ್ಪೆನ್ನರು. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕು, ಕಾರ್ಬೊರೇಟರ್ ಬರಿದಾಗಲಿ.

9. ಒಯ್ಯುವುದರಲ್ಲೇ ಅರ್ಧ ಗೆಲುವು

ಮಿರಜದಿಂದ ಬೆಂಗಳೂರು ಆರುನೂರು ಕಿಲೋಮೀಟರಿಗೂ ಮೇಲೆ. ಸಮತಟ್ಟಾದ ಟ್ರೇಲರ್ ಲಾರಿ ಬಾಡಿಗೆ ಹಿಡಿಯಿರಿ. ಪಟ್ಟಿ ಬಿಗಿಯುವುದು ಗಾಲಿಗೆ ಅಥವಾ ಆಕ್ಸಲಿಗೆ, ಬಂಪರಿಗೆ ಎಂದೂ ಅಲ್ಲ. ಬ್ಯಾಟರಿ ತಂತಿ ಕಳಚಿ. ಹುಬ್ಬಳ್ಳಿ ದಾಟುವುದರೊಳಗೆ ಒಮ್ಮೆ ಇಳಿದು ಪಟ್ಟಿ ಸಡಿಲಾಗಿದೆಯೇ ನೋಡಿ. ಪ್ರದರ್ಶನದ ಹಿಂದಿನ ದಿನ ಮುಟ್ಟಿದರೆ ಧೂಳು ಒರೆಸಲು, ಗಾಡಿ ಚಾಲೂ ಮಾಡಿ ನೋಡಲು ಹೊತ್ತು ಸಿಗುತ್ತದೆ.

10. ಬಯಲಿನಲ್ಲಿ

ಗಾಡಿ ತನ್ನ ಬಲದಿಂದಲೇ ಓಡಿ ಬಂದು ನಿಲ್ಲಲಿ. ತಳ್ಳಿಸಿಕೊಂಡು ಬಂದ ಗಾಡಿಯ ಮೇಲೆ ತೀರ್ಪುಗಾರರಿಗೆ ಅರ್ಧ ಮನಸ್ಸು ಅಲ್ಲೇ ಹೋಗುತ್ತದೆ. ಹಾರ್ನು, ದೀಪ, ವೈಪರ್, ಕೈಬ್ರೇಕು ಕೆಲಸ ಮಾಡಲಿ, ಕೇಳಿದ ಕೂಡಲೇ ತೋರಿಸಿ. ಎಣ್ಣೆ ತೊಟ್ಟಿಕ್ಕಿದರೆ ಕೆಳಗೆ ತಟ್ಟೆ ಇಡಿ, ಹುಲ್ಲು ಕೆಡಿಸಬೇಡಿ. ಬೆಂಕಿ ಆರಿಸುವ ಸಿಲಿಂಡರ್ ಕಣ್ಣಿಗೆ ಕಾಣುವಲ್ಲಿರಲಿ. ಮೂಲ ಜ್ಯಾಕು, ಪಾನಾ ಚೀಲ, ಸ್ಟೆಪ್ನಿ, ಮಾಲೀಕರ ಕೈಪಿಡಿ ಇದ್ದರೆ ಡಿಕ್ಕಿಯಲ್ಲಿ ಬಟ್ಟೆ ಹಾಸಿ ಜೋಡಿಸಿ.

ಉಡುಪು ಗಾಡಿಯ ಕಾಲಕ್ಕೆ ಹೊಂದಿದರೆ ಚೆಂದ. ನಮ್ಮವರು ಕೋಟು-ಟೊಪ್ಪಿಗೆ ಬಾಡಿಗೆ ತರಬೇಕಿಲ್ಲ. ಧೋತರ, ಬಿಳಿ ಅಂಗಿ, ತಲೆಗೆ ಪಟಗಾ, ಇಳಕಲ್ ಸೀರೆ: 1960ರಲ್ಲಿ ಈ ಕಾರುಗಳಿಂದ ಇಳಿದವರು ತೊಟ್ಟದ್ದೂ ಇದನ್ನೇ.

ತೀರ್ಪಿನ ಹೊತ್ತಿನಲ್ಲಿ ಗಾಡಿ ಬಿಟ್ಟು ಚಹಾಕ್ಕೆ ಹೋಗಬೇಡಿ. ವಾದಿಸಬೇಡಿ. ಅಂಕಪಟ್ಟಿ ಕೊಡುವ ಪದ್ಧತಿಯಿದ್ದರೆ ಕೇಳಿ ಪಡೆಯಿರಿ, ಮುಂದಿನ ವರ್ಷದ ಕೆಲಸದ ಪಟ್ಟಿ ಅದೇ.

11. ನಿಮ್ಮನ್ನೇ ತೀರ್ಪಿಗೆ ಕರೆದರೆ

ಎತ್ತಿನ ಪರೀಕ್ಷೆ ಗೊತ್ತಿದ್ದವರಿಗೆ ಈ ಕೆಲಸ ಅರ್ಧ ಬಂದಂತೆಯೇ. ಖರಸುಂಡಿಯ ಜಾತ್ರೆಯಲ್ಲೋ ಚಿಂಚಲಿಯ ಮಾಯಕ್ಕನ ಜಾತ್ರೆಯಲ್ಲೋ ಖಿಲಾರಿ ಎತ್ತು ಕೊಳ್ಳುವ ಹಿರಿಯರು ಕೋಡಿಗೆ ಹಚ್ಚಿದ ಬಣ್ಣ, ಬೆನ್ನ ಮೇಲಿನ ಝೂಲು ನೋಡಿ ಬೆಲೆ ಹೇಳುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ಗೊರಸು ಎತ್ತಿಸುತ್ತಾರೆ, ನಡೆಸಿ ನೋಡುತ್ತಾರೆ. ಕಾರಿಗೂ ಈ ಕಣ್ಣೇ ಬೇಕು.

ಮೊದಲು ದೂರದಿಂದ ನೋಡಿ. ಹದಿನೈದು ಹೆಜ್ಜೆ ಆಚೆ ನಿಂತರೆ ಗಾಡಿ ಒಂದು ಕಡೆ ವಾಲಿದೆಯೇ, ಬಾಗಿಲ ಸಂದುಗಳು ಸಮವೇ, ಎರಡೂ ಮಡ್‌ಗಾರ್ಡುಗಳ ಇಳಿಜಾರು ಒಂದೇ ಎಂದು ತಿಳಿಯುತ್ತದೆ. ಆಮೇಲೆ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು ಅಡಿಭಾಗ ನೋಡಿ. ಮಾಲೀಕ ಮರೆಯಬಹುದಾದ ಜಾಗಗಳೇ ನಿಜ ಹೇಳುತ್ತವೆ: ಬಾಗಿಲ ರಬ್ಬರಿನ ಹಿಂದೆ ಹಳೆ ಬಣ್ಣದ ಅಂಚು, ಡ್ಯಾಶ್‌ಬೋರ್ಡಿನ ಕೆಳಗಿನ ತಂತಿ, ಸ್ಟೆಪ್ನಿ ಗುಂಡಿಯ ತಳ, ಪೆಡಲಿನ ರಬ್ಬರಿನ ಸವೆತ. ಮೀಟರಿನಲ್ಲಿ ಕಡಿಮೆ ಮೈಲಿ ತೋರಿಸಿ ಪೆಡಲು ಬೋಳಾಗಿದ್ದರೆ ಕಾರಣ ಕೇಳಿ. ಬಟ್ಟೆ ಸುತ್ತಿದ ಚಿಕ್ಕ ಅಯಸ್ಕಾಂತ ತಗಡಿಗೆ ಹತ್ತದಿದ್ದರೆ ಒಳಗೆ ದಪ್ಪ ಲಾಂಬಿ ಇರಬಹುದು; ಆದರೆ ಹಳೆ ಕಾರುಗಳ ಕೆಲವು ಮೈಗಳು ಅಲ್ಯೂಮಿನಿಯಮ್ಮಿನವು, ಅವಕ್ಕೂ ಅದು ಹತ್ತದು. ಮಾಲೀಕರ ಒಪ್ಪಿಗೆಯಿಲ್ಲದೆ ಅಯಸ್ಕಾಂತವನ್ನಾಗಲಿ ಕೈಯನ್ನಾಗಲಿ ಹಚ್ಚಬೇಡಿ. ಬಾಗಿಲು, ಬೋನೆಟ್ ಅವರೇ ತೆಗೆದು ತೋರಿಸಲಿ. ಉಂಗುರ, ಬೆಲ್ಟಿನ ಬಕಲು, ಕೊರಳ ಗುರುತುಚೀಟಿ ಬಣ್ಣಕ್ಕೆ ಗೀರು ಹಾಕುತ್ತವೆ, ಕಳಚಿಟ್ಟು ಬನ್ನಿ.

ಅಂಕ ಕೊಡಲು ಎರಡು ದಾರಿಗಳಿವೆ. ಒಂದರಲ್ಲಿ 100ರಿಂದ ಶುರುಮಾಡಿ ಮೈ, ಒಳಾಂಗಣ, ಎಂಜಿನ್, ಚಾಸಿಸ್ ಎಂದು ಒಂದೊಂದೇ ಕುಂದಿಗೆ ಕಳೆಯುತ್ತಾ ಹೋಗುತ್ತಾರೆ. ಇನ್ನೊಂದು ಫ್ರೆಂಚ್ ಪದ್ಧತಿ. ಅಲ್ಲಿ ಗಾಡಿಯ ಚೆಲುವು, ಅಪರೂಪ, ಚರಿತ್ರೆಗಳನ್ನು ಒಟ್ಟಾಗಿ ತೂಗುತ್ತಾರೆ. ಹೊಸದಾಗಿ ಶುರುಮಾಡುವವರಿಗೆ ಮೊದಲನೆಯದೇ ಒಳ್ಳೆಯದು ಎಂದು ನನ್ನ ಎಣಿಕೆ. ಕಳೆದ ಪ್ರತಿ ಅಂಕಕ್ಕೂ ಕಾರಣ ಬರೆಯಬೇಕಾಗುತ್ತದೆ, ಬರೆದದ್ದನ್ನು ಮಾಲೀಕರಿಗೆ ತೋರಿಸಬಹುದು. ಮೂವರ ತಂಡ ಇರಲಿ: ಒಬ್ಬರು ಯಂತ್ರ ಬಲ್ಲವರು, ಒಬ್ಬರು ಮೈಬಣ್ಣ-ಹೊದಿಕೆ ಬಲ್ಲವರು, ಒಬ್ಬರು ಚರಿತ್ರೆ ಓದಿದವರು. ಒಂದು ವರ್ಗದ ಎಲ್ಲ ಗಾಡಿಗಳನ್ನೂ ಅದೇ ಮೂವರು ನೋಡಬೇಕು. ಅಂಕ ಬರೆಯುವ ಮುನ್ನ ಇಡೀ ಸಾಲನ್ನು ಒಮ್ಮೆ ಸುಮ್ಮನೆ ಸುತ್ತಿ ಬನ್ನಿ. ಇಲ್ಲದಿದ್ದರೆ ಮೊದಲ ಗಾಡಿಗೆ ಕಠಿಣರಾಗಿ ಕೊನೆಯದಕ್ಕೆ ಉದಾರಿಗಳಾಗುತ್ತೀರಿ.

ನಿಮ್ಮ ನೆಂಟರ, ಗಿರಾಕಿಗಳ, ನೀವೇ ಮಾರಿದ ಅಥವಾ ರಿಪೇರಿ ಮಾಡಿದ ಗಾಡಿ ಸಾಲಿನಲ್ಲಿದ್ದರೆ ಆ ವರ್ಗದಿಂದ ಹಿಂದೆ ಸರಿಯಿರಿ, ಮೊದಲೇ ಹೇಳಿ. ಬೆಲೆಗೆ ಮರುಳಾಗಬೇಡಿ. ರೋಲ್ಸ್‌ರಾಯ್ಸ್‌ನ ಸುತ್ತ ಜನ ಮುತ್ತಿರುತ್ತಾರೆ, ಮೂಲೆಯಲ್ಲಿ ಒಬ್ಬ ರೈತ ತನ್ನ ವಿಲ್ಲಿಸ್ ಜೀಪಿನ ಹತ್ತಿರ ಒಬ್ಬನೇ ನಿಂತಿರುತ್ತಾನೆ. ಇಬ್ಬರಿಗೂ ಅಷ್ಟೇ ನಿಮಿಷ, ಅಷ್ಟೇ ಪ್ರಶ್ನೆ, ಅಷ್ಟೇ ಗೌರವ. ಆ ರೈತ ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲೇ ಕೇಳಿಸಿಕೊಳ್ಳುವ ಒಬ್ಬರು ತಂಡದಲ್ಲಿರಲಿ. ಇಂಗ್ಲಿಷ್ ಬಾರದ್ದಕ್ಕೆ ಯಾವ ಗಾಡಿಗೂ ಅಂಕ ಹೋಗಬಾರದು.

12. ಒಳ್ಳೆಯದನ್ನು ನೋಡಿ, ಆಮೇಲೆ ಊರಲ್ಲೇ ಒಂದು ಪ್ರದರ್ಶನ ಮಾಡಿ

ಕಣ್ಣು ಪಳಗಬೇಕಾದರೆ ಸುತ್ತಾಡಬೇಕು. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆ ಕಾರುಗಳ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣದ ಹತ್ತಿರ, ಬೆಂಗಳೂರು-ಮೈಸೂರು ಹೆದ್ದಾರಿಯಲ್ಲಿ ಧರ್ಮಸ್ಥಳದವರದೇ "ಪಯಣ" ಎಂಬ ಇನ್ನೊಂದು ಕಾರು ಸಂಗ್ರಹಾಲಯ ಇದೆ. ಪುಸ್ತಕ ಪೆನ್ಸಿಲ್ ಹಿಡಿದು ಹೋಗಿ. ನಿಮ್ಮ ಮಾದರಿಯ ಕಾರು ಕಂಡರೆ ದೀಪ, ಹಿಡಿಕೆ, ಸ್ಕ್ರೂಗಳ ಚಿತ್ರ ಬರೆದುಕೊಳ್ಳಿ. ಬೆಂಗಳೂರಿನ ಕರ್ನಾಟಕ ವಿಂಟೇಜ್ ಆಂಡ್ ಕ್ಲಾಸಿಕ್ ಕಾರ್ ಕ್ಲಬ್, ಮುಂಬೈನ ವಿಂಟೇಜ್ ಆಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದಂಥ ಸಂಘಗಳ ಸಂಪರ್ಕ ಇಟ್ಟುಕೊಂಡರೆ ಪ್ರದರ್ಶನಗಳ ಸುದ್ದಿ ಸಿಗುತ್ತದೆ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯ ರ‍್ಯಾಲಿ 1964ರಿಂದ ನಡೆದು ಬಂದಿದೆ. ಒಮ್ಮೆ ನೋಡಿ ಬರುವಂಥದ್ದು.

ಆರಗ, ಬೇಡಗ, ಮಾಲಗಾಂವ, ಕಾಗವಾಡದ ಗೆಳೆಯರು ಕೂಡಿದರೆ ಸುಗ್ಗಿ ಮುಗಿದ ಮೇಲೆ ಶಾಲೆಯ ಬಯಲಲ್ಲಿ ಒಂದು ಚಿಕ್ಕ ಪ್ರದರ್ಶನ ಮಾಡಲು ಕಷ್ಟವಿಲ್ಲ. ಐದು ವರ್ಗ ಸಾಕು: ಕಾರು, ಜೀಪು, ಬೈಕು-ಸ್ಕೂಟರು, ಟ್ರ್ಯಾಕ್ಟರು, ಮತ್ತು ನಿಂತಲ್ಲೇ ಓಡುವ ಆಯಿಲ್ ಎಂಜಿನು. ಕೊನೆಯದನ್ನು ಬಿಡಬೇಡಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟ ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಕಾರ್ಖಾನೆ ಕಟ್ಟಿದ್ದು ಇದೇ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯಲ್ಲಿ. ನಮ್ಮ ಬಾವಿಗಳ ಮೇಲೆ ದುಡಿದ ಯಂತ್ರಗಳನ್ನು ಹೊರಗಿಟ್ಟು ಈ ಸೀಮೆಯ ಪ್ರದರ್ಶನ ಪೂರ್ತಿಯಾಗದು. ಪ್ರತಿ ಗಾಡಿಯ ಮುಂದೆ ಕನ್ನಡ-ಮರಾಠಿ ಎರಡರಲ್ಲೂ ಚೀಟಿ: ವರ್ಷ, ಊರು, ಮೊದಲು ಕೊಂಡವರು, ಮೂಲ ಉಳಿದದ್ದು, ಬದಲಾದದ್ದು. ತೀರ್ಪಿಗೆ ಹೊರಗಿನ ಇಬ್ಬರು, ಊರಿನ ಹಿರಿಯ ಮೇಸ್ತ್ರಿ ಒಬ್ಬರು. ಮೊದಲ ಬಹುಮಾನ ಎಂದೂ ಬಿಚ್ಚದ, ಹೆಚ್ಚು ಮೂಲ ಉಳಿಸಿಕೊಂಡ ಗಾಡಿಗೆ ಹೋಗಲಿ. ಹೆಚ್ಚು ಹೊಳೆಯುವುದಕ್ಕೆ ಎರಡನೆಯದು. ಪ್ರವೇಶ ಶುಲ್ಕ ಇಡಬೇಡಿ, ಬರುವ ಗಾಡಿಗೆ ಐದು ಲೀಟರ್ ಪೆಟ್ರೋಲಿನ ಖರ್ಚು ಕೊಡಿ. ಮೊದಲ ವರ್ಷ ಎಂಟು-ಹತ್ತು ಗಾಡಿ ಬಂದರೂ ಸಾಕು.